ತಿಪಟೂರಿನಿಂದ ಕೆಮ್ನಿಟ್ಸ್‌ಗೆ

ಚೆಕ್-ಇನ್ ಕೌಂಟರಿನಲ್ಲಿದ್ದ ಹುಡುಗಿ ನನ್ನ ಪಾಸ್‌ಪೋರ್ಟ್ ತೆಗೆದುಕೊಂಡು, "ಬ್ಯಾಗಲ್ಲಿ ಕೊಬ್ಬರಿ ಇದೆಯಾ ಸರ್?" ಅಂತ ಕೇಳಿದಳು.

ಇತ್ತು. ಇಪ್ಪತ್ತು ಉಂಡೆ. ನಮ್ಮದು ತಿಪಟೂರಿನ ಪಕ್ಕದ ಹಳ್ಳಿ, ಮೂರು ಎಕರೆ ತೆಂಗಿನ ತೋಟ. ಮನೆ ಬಿಟ್ಟು ಹೊರಟವರ ಚೀಲಕ್ಕೆ ಅಮ್ಮ ಕೊಬ್ಬರಿ ಹಾಕದೆ ಕಳಿಸಿದ್ದೇ ಇಲ್ಲ.

ಉಂಡೆ ಕೊಬ್ಬರಿ ಹೇಗಾಗುತ್ತೆ ಅಂತ ಹೊರಗಿನವರಿಗೆ ಗೊತ್ತಿರಲ್ಲ. ಬಲಿತ ಕಾಯಿಯನ್ನು ಸುಲಿಯದೆ ಹಾಗೇ ಅಟ್ಟಕ್ಕೆ ಹಾಕುತ್ತಾರೆ. ಹತ್ತು, ಹನ್ನೊಂದು ತಿಂಗಳು ಅದು ಅಲ್ಲೇ ಇರುತ್ತೆ. ಒಳಗಿನ ನೀರು ಪೂರ್ತಿ ಇಂಗಬೇಕು, ಕೊಬ್ಬರಿ ಚಿಪ್ಪು ಬಿಡಬೇಕು, ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಲೊಟಲೊಟ ಅನ್ನಬೇಕು. ನಾನು ತಗೊಂಡು ಹೊರಟಿದ್ದ ಕೊಬ್ಬರಿಯ ಕಾಯಿಗಳನ್ನು ಅಟ್ಟಕ್ಕೆ ಏರಿಸಿದ್ದು 2023ರ ನವೆಂಬರಿನಲ್ಲಿ. ಜರ್ಮನಿಗೆ ಅರ್ಜಿ ಹಾಕುವ ಕೆಲಸ ನಾನು ಶುರು ಮಾಡಿದ್ದೂ ಆಗಲೇ. ನಮ್ಮ ಅಂಕಪಟ್ಟಿ ಅಸಲಿ ಅಂತ ಹೇಳುವ ಎಪಿಎಸ್ ಸರ್ಟಿಫಿಕೇಟ್, ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆ, ಕೆಮ್ನಿಟ್ಸ್ ತಾಂತ್ರಿಕ ವಿಶ್ವವಿದ್ಯಾಲಯದ ಸೀಟು, ಆಮೇಲೆ ಬ್ಲಾಕ್ಡ್ ಅಕೌಂಟು. ಒಂದು ವರ್ಷದ ಖರ್ಚಿಗೆ 11,208 ಯೂರೊ ಮೊದಲೇ ಜಮಾ ಮಾಡಿ ತೋರಿಸಬೇಕಿತ್ತು, ಅಂದರೆ ಹತ್ತು ಲಕ್ಷ ರೂಪಾಯಿಗೂ ಜಾಸ್ತಿ. ಅದಕ್ಕೆ ಅಪ್ಪ ತೋಟದ ಪತ್ರ ಇಟ್ಟು ಸಾಲ ತಂದರು. 2024ರ ಸೆಪ್ಟೆಂಬರಿನಲ್ಲಿ ವೀಸಾ ಬಂತು. ಅದೇ ವಾರ ಅಪ್ಪ ಅಟ್ಟದಿಂದ ಕಾಯಿ ಇಳಿಸಿದರು.

"ಕೊಬ್ಬರಿ ಬಿಡಲ್ಲ ಸರ್. ಎಣ್ಣೆ ಅಂಶ ಇರುತ್ತೆ, ತಾನಾಗೇ ಬೆಂಕಿ ಹತ್ತಿಕೊಳ್ಳಬಹುದು," ಅಂದಳು ಆ ಹುಡುಗಿ. ಅವಳು ಹೇಳಿದ್ದು ಸರಿಯೇ. ಒಣ ಕೊಬ್ಬರಿ ಅಪಾಯಕಾರಿ ಸರಕಿನ ಪಟ್ಟಿಯಲ್ಲಿದೆ. ಹಸಿ ತೆಂಗಿನಕಾಯಿಗೆ ಯುರೋಪಿನ ಕಸ್ಟಮ್ಸ್‌ನಲ್ಲೂ ತಕರಾರಿಲ್ಲ. ಮಾವಿನಹಣ್ಣಿಗೆ ಸರ್ಟಿಫಿಕೇಟ್ ಕೇಳುತ್ತಾರೆ, ಕಾಯಿಗೆ, ಬಾಳೆಹಣ್ಣಿಗೆ, ಅನಾನಸ್‌ಗೆ ಕೇಳಲ್ಲ. ಇದನ್ನೆಲ್ಲ ಓದಿಕೊಂಡು, ಹಾಲಿನ ಪದಾರ್ಥ ಬಿಡಲ್ಲ ಅಂತ ತುಪ್ಪದ ಬಾಟಲಿ ಮನೆಯಲ್ಲೇ ಬಿಟ್ಟು ಬಂದಿದ್ದೆ. ಕೊಬ್ಬರಿಗೆ ತಡೆ ಬೆಂಗಳೂರಿನಲ್ಲೇ ಇರುತ್ತೆ ಅಂತ ಹೊಳೆದಿರಲಿಲ್ಲ.

ಸೂಟ್‌ಕೇಸನ್ನು ಅಲ್ಲೇ ನೆಲದ ಮೇಲೆ ಬಿಚ್ಚಿದೆ. ಅಮ್ಮ ಎರಡು ದಿನ ಕೂತು ಜೋಡಿಸಿದ್ದು. ಮೂರು ಲೀಟರಿನ ಕುಕ್ಕರ್, ಅದರೊಳಗೆ ಸಾರಿನ ಪುಡಿ, ಪುಳಿಯೋಗರೆ ಗೊಜ್ಜು, ಸಂದಿಗೆ ಸಾಕ್ಸು, ಅದರ ಮೇಲೆ ಸ್ವೆಟರ್. ಕೊಬ್ಬರಿ ಚೀಲ ತೆಗೆದುಕೊಂಡು ಬಾಗಿಲಿಗೆ ಓಡಿದೆ. ಕಾವಲಿನವರಿಗೆ ಹೇಳಿದೆ. ಅವರು ಆಚೆ ಬಿಡಲಿಲ್ಲ, ಆದರೆ ಅಪ್ಪನನ್ನು ಬಾಗಿಲ ತನಕ ಕರೆದರು. ಅಪ್ಪ ಚೀಲ ಈಸಿಕೊಂಡು, "ಹೋಗ್ಲಿ ಬಿಡು ಮಗಾ, ಭಾರ ಕಮ್ಮಿ ಆಯ್ತು," ಅಂದರು. ಅಷ್ಟೇ ನಾವು ಮಾತಾಡಿದ್ದು. ಸರಿಯಾಗಿ ಹೋಗಿ ಬರ್ತೀನಿ ಅಂತಾನೂ ಹೇಳಲಿಲ್ಲ. ಕೌಂಟರಿನ ಹತ್ತಿರ ಬಾಯಿ ತೆರೆದುಕೊಂಡಿದ್ದ ಸೂಟ್‌ಕೇಸ್ ಕಡೆಗೇ ನನ್ನ ಗಮನ ಇತ್ತು.

ಟಿಕೆಟ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆದದ್ದಕ್ಕೆಲ್ಲ ಅದೇ ಮೂಲ. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ನೇರ ವಿಮಾನ ಇದೆ. ರಾತ್ರಿ ಹತ್ತಿದರೆ ಬೆಳಗ್ಗೆ ಅಲ್ಲಿರಬಹುದು. ನಾನು ಅಬುಧಾಬಿ ಮೇಲೆ ಹೋಗುವ ಟಿಕೆಟ್ ಮಾಡಿಸಿದ್ದೆ. ಹನ್ನೊಂದು ಸಾವಿರ ರೂಪಾಯಿ ಉಳಿಯಿತು. ಸಾಲದ ದುಡ್ಡಲ್ಲಿ ಹೊರಟವನಿಗೆ ಹನ್ನೊಂದು ಸಾವಿರ ದೊಡ್ಡದೇ. ಆದರೆ ನಡುವೆ ಎಂಟು ಗಂಟೆ ಕಾಯಬೇಕಿತ್ತು, ಊರು ತಲುಪುವುದು ರಾತ್ರಿ ಆಗುತ್ತಿತ್ತು. ಹೊರಟ ದಿನ ಅಕ್ಟೋಬರ್ 1, ಮಂಗಳವಾರ. ತಲುಪುವುದು ಬುಧವಾರ ರಾತ್ರಿ. ಮಾರನೇ ದಿನ ಅಕ್ಟೋಬರ್ 3, ಜರ್ಮನಿಗೆ ರಾಷ್ಟ್ರೀಯ ರಜೆ. 1990ರಲ್ಲಿ ಎರಡು ಜರ್ಮನಿಗಳು ಒಂದಾದ ದಿನ. ಇದು ನನಗೆ ಗೊತ್ತಿತ್ತು, ಎ1 ಅನ್ನೋ ಜರ್ಮನ್ ಭಾಷೆಯ ಮೊದಲ ಹಂತದ ತರಗತಿಯಲ್ಲಿ ಮೇಡಂ ಪಾಠ ಮಾಡಿದ್ದರು. ಗೊತ್ತಿದ್ದೂ ಟಿಕೆಟ್ ಮಾಡಿಸುವಾಗ ನೆನಪಾಗಲಿಲ್ಲ.

ಅಬುಧಾಬಿಯಲ್ಲಿ ಒಂದು ಗಳಿಗೆಯೂ ಮಲಗಲಿಲ್ಲ. ದಾಖಲೆಗಳ ಫೈಲು ಇದ್ದ ಬ್ಯಾಗನ್ನು ತೊಡೆ ಮೇಲೆ ಇಟ್ಟುಕೊಂಡು, ಅದರ ಪಟ್ಟಿಯನ್ನು ಕೈಗೆ ಸುತ್ತಿಕೊಂಡು ಕೂತಿದ್ದೆ. ಕಣ್ಣು ಮುಚ್ಚಿದರೆ ಯಾರಾದರೂ ತೆಗೆದುಕೊಂಡು ಹೋದರೆ ಅನ್ನೋ ಹೆದರಿಕೆ. ಎ.ಸಿ. ಚಳಿಗೆ ಮೂಗು ಕಟ್ಟಿತು. ರಾತ್ರಿ ಮೂರು ಗಂಟೆ ಹೊತ್ತಿಗೆ, ಅಮ್ಮ ಕಟ್ಟಿಕೊಟ್ಟಿದ್ದ ಚಪಾತಿ ಚಟ್ನಿಪುಡಿ ತಿಂದೆ. ಪಕ್ಕದಲ್ಲಿದ್ದ ಕೇರಳದ ಹುಡುಗಿಯೂ ಹಾಗೇ ಬ್ಯಾಗ್ ತಬ್ಬಿಕೊಂಡು ಕೂತಿದ್ದಳು. ಅವಳು ನರ್ಸಿಂಗ್ ಕೆಲಸಕ್ಕೆ ಹೊರಟವಳು. ಚಟ್ನಿಪುಡಿಯ ಚಪಾತಿ ಒಂದನ್ನು ಅವಳಿಗೆ ಕೊಟ್ಟೆ, ಅವಳು ನನಗೆ ಬಾಳೆಕಾಯಿ ಚಿಪ್ಸ್ ಕೊಟ್ಟಳು. ಆಮೇಲೆ ಸರದಿ ಮೇಲೆ ಒಬ್ಬರ ಬ್ಯಾಗನ್ನು ಒಬ್ಬರು ನೋಡಿಕೊಂಡು ಮುಖ ತೊಳೆದು ಬಂದೆವು. ಫ್ರಾಂಕ್‌ಫರ್ಟಿನಲ್ಲಿ ಇಳಿದ ಮೇಲೆ ಜನಜಂಗುಳಿಯಲ್ಲಿ ಅವಳು ಕಾಣಲೇ ಇಲ್ಲ. ಹೆಸರೂ ಕೇಳಿರಲಿಲ್ಲ.

ಇಮಿಗ್ರೇಷನ್ ಎರಡು ನಿಮಿಷದ ಕೆಲಸ. ಅಡ್ಮಿಷನ್ ಪತ್ರ ನೋಡಿ ಸೀಲು ಹಾಕಿದರು. ಎರಡೂ ಸೂಟ್‌ಕೇಸ್ ಬಂದವು, ಆದರೆ ದೊಡ್ಡದರ ಒಂದು ಚಕ್ರ ಮುರಿದಿತ್ತು. ತಲಾ 23 ಕೆ.ಜಿ.ಯ ಎರಡು ಸೂಟ್‌ಕೇಸ್, ಕೈಯಲ್ಲಿ ಏಳು ಕೆ.ಜಿ.ಯ ಬ್ಯಾಗು. ನಾಲ್ಕು ಚಕ್ರ ಇದ್ದಾಗ ಒಂದು ಬೆರಳಲ್ಲಿ ತಳ್ಳಬಹುದಾಗಿದ್ದ ಪೆಟ್ಟಿಗೆಯನ್ನು ಮೂರು ಚಕ್ರದಲ್ಲಿ ಎಳೆಯೋದು ಬೇರೆಯೇ ಕೆಲಸ. ಅದು ಪ್ರತಿ ಹತ್ತು ಹೆಜ್ಜೆಗೂ ಎಡಕ್ಕೆ ತಿರುಗಿ ನಿಲ್ಲುತ್ತಿತ್ತು.

ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ ಎರಡು ರೈಲು ನಿಲ್ದಾಣಗಳಿವೆ. ಲೋಕಲ್ ರೈಲಿಗೆ ಒಂದು, ದೂರದ ರೈಲಿಗೆ ಇನ್ನೊಂದು. ದೂರದ್ದಕ್ಕೆ ಫೆರ್ನ್‌ಬಾನ್‌ಹೋಫ್ ಅಂತಾರೆ. ನಾನು ಮೊದಲು ಲೋಕಲ್‌ಗೆ ಇಳಿದು, ಮತ್ತೆ ಹತ್ತಿ ಬಂದೆ. ಸರಿಯಾದ ಪ್ಲಾಟ್‌ಫಾರ್ಮಿಗೆ ಬಂದಾಗ ರೈಲಿಗೆ ಹನ್ನೆರಡು ನಿಮಿಷ ಇತ್ತು. ಪ್ಲಾಟ್‌ಫಾರ್ಮಿನ ಮೇಲೆ ಎ, ಬಿ, ಸಿ ಅಂತ ಅಕ್ಷರದ ಬೋರ್ಡುಗಳಿರುತ್ತವೆ, ನಮ್ಮ ಬೋಗಿ ಯಾವ ಅಕ್ಷರದ ಹತ್ತಿರ ನಿಲ್ಲುತ್ತೆ ಅಂತ ಮೊದಲೇ ತೋರಿಸುತ್ತಾರೆ. ಚೆನ್ನಾಗಿದೆ ಅಲ್ವಾ ಈ ಏರ್ಪಾಡು ಅಂದುಕೊಂಡು ಎಫ್ ಹತ್ತಿರ ಎಲ್ಲ ಇಳಿಸಿ ನಿಂತೆ.

ರೈಲು ಬರುವುದಕ್ಕೆ ಸ್ವಲ್ಪ ಮುಂಚೆ ಮೈಕಿನಲ್ಲಿ ಏನೋ ಹೇಳಿದರು. ನನ್ನ ಅಕ್ಕಪಕ್ಕ ಇದ್ದವರೆಲ್ಲ ಒಟ್ಟಿಗೆ ಬ್ಯಾಗ್ ಎತ್ತಿಕೊಂಡು ಹಿಂದಕ್ಕೆ ನಡೆಯತೊಡಗಿದರು. ನಾನು ಮಾತ್ರ ನಿಂತೇ ಇದ್ದೆ. ಅವರು ಹೇಳಿದ ಮಾತು ಈಗ ನನಗೆ ಬಾಯಿಪಾಠ: 'ಉಮ್‌ಗೆಕೇರ್ಟೆ ವಾಗೆನ್‌ರೈಯುಂಗ್'. ಬೋಗಿಗಳು ತಿರುಗಾ ಮುರುಗಾ ಬರುತ್ತಿವೆ ಅಂತ ಅರ್ಥ. ನನ್ನ ಬೋಗಿ ಎಫ್‌ನಲ್ಲಿ ಅಲ್ಲ, ಬಿ ಹತ್ತಿರ. ರೈಲು ನಿಂತ ಮೇಲೆ ಗೊತ್ತಾಯಿತು. ಆ ಮೂರು ಚಕ್ರದ ಪೆಟ್ಟಿಗೆ ಎಳೆದುಕೊಂಡು ಓಡಿದರೂ ಆಗಲಿಲ್ಲ. ಕಂಡ ಬಾಗಿಲಿಗೆ ಹತ್ತಿದೆ. ಸುಮಾರು ಎಪ್ಪತ್ತು ವರ್ಷದ ಒಬ್ಬ ಅಜ್ಜ ಒಳಗಿನಿಂದ ಕೈ ಚಾಚಿ ದೊಡ್ಡ ಸೂಟ್‌ಕೇಸ್ ಎಳೆದುಕೊಂಡರು. 'ಡಾಂಕೆ' ಅಂದೆ. ಆ ದೇಶದಲ್ಲಿ ನಾನು ಮನಸಾರೆ ಆಡಿದ ಮೊದಲ ಜರ್ಮನ್ ಮಾತು ಅದು. ಆಮೇಲೆ ಐದು ಬೋಗಿ ದಾಟಿ ನನ್ನ ಸೀಟಿಗೆ ಹೋಗುವ ಶಕ್ತಿ ಇರಲಿಲ್ಲ. ಬಾಗಿಲ ಪಕ್ಕ ಸೂಟ್‌ಕೇಸ್ ಮೇಲೇ ಕೂತೆ.

ಹೊರಗೆ ಮಳೆ. ಫುಲ್ಡಾ, ಎರ್‌ಫುರ್ಟ್ ಅಂತ ಊರುಗಳು ಹೋದವು. ನಡುವೆ ಎಲ್ಲೋ ಹೊಲದ ಮಧ್ಯೆ ರೈಲು ನಿಂತುಬಿಟ್ಟಿತು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಲೈಪ್‌ಸಿಗ್‌ನಲ್ಲಿ ಇಳಿದು ಕೆಮ್ನಿಟ್ಸ್ ರೈಲು ಹಿಡಿಯಬೇಕು, ನಡುವೆ ಇದ್ದದ್ದು ನಲವತ್ತು ನಿಮಿಷ. ನಾನು ಪದೇ ಪದೇ ಗಡಿಯಾರ ನೋಡೋದನ್ನು ಗಮನಿಸಿದ ಅಜ್ಜ, ನನ್ನ ಟಿಕೆಟ್ ಈಸಿಕೊಂಡು ಓದಿ, ಇಂಗ್ಲಿಷಿನಲ್ಲಿ ಒಂದೊಂದೇ ಪದ ಹುಡುಕಿ ಹೇಳಿದರು: ರೈಲು ತಡವಾಗಿ ಮುಂದಿನದು ತಪ್ಪಿದರೆ, ಅದರ ಮುಂದಿನದಕ್ಕೂ ಇದೇ ಟಿಕೆಟ್ ನಡೆಯುತ್ತೆ, ಮತ್ತೆ ದುಡ್ಡು ಕೊಡಬೇಡ. ಇದು ಅವರು ಹೇಳದಿದ್ದರೆ ಲೈಪ್‌ಸಿಗ್‌ನಲ್ಲಿ ಹೊಸ ಟಿಕೆಟ್ ತೆಗೆದುಕೊಳ್ಳುತ್ತಿದ್ದೆ. ನನ್ನ ಹತ್ತಿರ ಇದ್ದದ್ದು 300 ಯೂರೊ ನಗದು. ಬ್ಲಾಕ್ಡ್ ಅಕೌಂಟಿನ ಹಣ ಹೆಸರಿಗೆ ನನ್ನದು, ಆದರೆ ಅಲ್ಲಿಗೆ ಹೋಗಿ ವಿಳಾಸ ನೋಂದಾಯಿಸಿ, ಬ್ಯಾಂಕ್ ಖಾತೆ ತೆರೆದ ಮೇಲೆ ತಿಂಗಳಿಗೆ 934 ಯೂರೊದಂತೆ ಬರುತ್ತಿತ್ತು. ಅಲ್ಲಿಯವರೆಗೆ ಜೇಬಲ್ಲಿರೋದೇ ಗತಿ.

ಲೈಪ್‌ಸಿಗ್ ತಲುಪಿದಾಗ ಐವತ್ತೈದು ನಿಮಿಷ ತಡ, ಕೆಮ್ನಿಟ್ಸ್ ರೈಲು ಹೋಗಿತ್ತು. ಆ ನಿಲ್ದಾಣ ಯುರೋಪಿನ ಅತಿ ದೊಡ್ಡ ನಿಲ್ದಾಣಗಳಲ್ಲಿ ಒಂದು, 1915ರಲ್ಲಿ ಕಟ್ಟಿ ಮುಗಿಸಿದ್ದು. ಎತ್ತರದ ಕಮಾನಿನ ಚಾವಣಿ, ಕೆಳಗೆ ಮೂರು ಅಂತಸ್ತಿನ ಅಂಗಡಿಗಳು. ಬೇರೆ ದಿನ ಆಗಿದ್ದರೆ ಬಾಯಿ ಬಿಟ್ಟು ನೋಡುತ್ತಿದ್ದೆ. ಅವತ್ತು ಬೇಕಾಗಿದ್ದದ್ದು ನೀರು. ಒಂದು ಬಾಟಲಿ ಕೊಂಡೆ, ಮುಚ್ಚಳ ತೆಗೆದರೆ ಸೋಡಾ. ಸಾದಾ ನೀರು ಬೇಕಿದ್ದರೆ 'ಸ್ಟಿಲ್' ಅಂತ ಬರೆದಿರೋದನ್ನೇ ನೋಡಬೇಕು. ಬಾಯಾರಿಕೆಗೆ ಅದನ್ನೇ ಕುಡಿದು, ಬಾಟಲಿಯನ್ನು ಕಸದ ಬುಟ್ಟಿಗೆ ಹಾಕಿದೆ. ಅದರ ಮೇಲೆ 25 ಸೆಂಟ್ ಠೇವಣಿ ಇರುತ್ತೆ, ಅಂಗಡಿಯ ಮಷೀನಿಗೆ ಹಾಕಿದರೆ ವಾಪಸ್ ಬರುತ್ತೆ ಅಂತ ಆಮೇಲೆ ತಿಳಿಯಿತು.

ಎದುರಿಗೇ ಸೂಪರ್ ಮಾರ್ಕೆಟ್ ಇತ್ತು. ನಾಳೆ ರಜೆ, ಊರೆಲ್ಲ ಮುಚ್ಚಿರುತ್ತೆ, ಅಕ್ಕಿ ಹಾಲು ಬ್ರೆಡ್ಡು ಕೊಂಡುಕೊಳ್ಳೋಕೆ ಇದೇ ಕೊನೆ ಅವಕಾಶ ಅಂತ ಆ ಹೊತ್ತಿಗೆ ನೆನಪಾಗಿತ್ತು. ಆದರೆ ಈ ಸಾಮಾನು ಬಿಟ್ಟು ಒಳಗೆ ಹೋಗೋದು ಹೇಗೆ? ಅಂಗಡಿಯ ಗಾಜಿನ ಬಾಗಿಲು ನೋಡುತ್ತಾ ಒಂದು ಗಂಟೆ ಕೂತೆ. ಆಗ ನಿಜವಾಗಿ ಅಳು ಬಂತು. ಮನೆಯ ನೆನಪಿಗಲ್ಲ. ಸುಸ್ತಿಗೆ. ಎರಡು ಚೀಲ ನೋಡಿಕೊಳ್ಳೋಕೆ 'ಒಂದ್ನಿಮಿಷ' ಅಂತ ಕೇಳಬಹುದಾದ ಒಬ್ಬರೂ ಇಲ್ಲ ಅನ್ನೋದಕ್ಕೆ.

ಕೆಮ್ನಿಟ್ಸ್ ರೈಲು ಹಳೇ ಕಾಲದ್ದು, ಡೀಸೆಲ್ ಎಂಜಿನ್ನು. ಹತ್ತೋ ಮೆಟ್ಟಿಲು ನಮ್ಮ ಪ್ಯಾಸೆಂಜರ್ ಗಾಡಿಯಷ್ಟೇ ಎತ್ತರ. ಒಳಗೆ ಕೂತ ಮೇಲೆ ಅದರ ಗಡಗಡ ಸದ್ದಿಗೆ ಒಂದು ಥರ ಸಮಾಧಾನ ಆಯಿತು. ಅರಸೀಕೆರೆ ಗಾಡಿಯ ಹಾಗೇ ಇತ್ತು. ಒಂದು ಗಂಟೆಯ ದಾರಿ. ನಿದ್ದೆ ಬಂದರೆ ಮುಂದೆ ಹೋಗಿಬಿಡ್ತೀನಿ ಅಂತ ನಿಂತುಕೊಂಡೇ ಹೋದೆ. ಅದು ಕೆಮ್ನಿಟ್ಸ್‌ನಲ್ಲೇ ಕೊನೆಯಾಗುವ ಗಾಡಿ. ನಿಲ್ಲಬೇಕಾದ ಅಗತ್ಯ ಇರಲಿಲ್ಲ.

ನಿಲ್ದಾಣದ ಒಳಗೇ ಟ್ರಾಮ್ ನಿಂತಿತ್ತು. ಕೆಮ್ನಿಟ್ಸ್‌ನಲ್ಲಿ ಟ್ರಾಮ್ ಹಳಿ ರೈಲು ನಿಲ್ದಾಣದ ಚಾವಣಿ ಕೆಳಗೇ ಬರುತ್ತೆ. ಅಕ್ಕಪಕ್ಕದ ಊರುಗಳಿಂದ ರೈಲಿನ ಹಳಿ ಮೇಲೆ ಓಡಿ ಬಂದ ಗಾಡಿಯೇ ಇಲ್ಲಿಂದ ಟ್ರಾಮ್ ಆಗಿ ಬೀದಿಗೆ ಇಳಿಯುತ್ತೆ. ಅದರ ಬಾಗಿಲು ಪ್ಲಾಟ್‌ಫಾರ್ಮಿನ ಸಮಕ್ಕೇ ಇತ್ತು, ಸೂಟ್‌ಕೇಸ್ ಎತ್ತಬೇಕಾಗಿರಲಿಲ್ಲ. ಅಂಥ ಒಂದು ಸಣ್ಣ ಉಪಕಾರಕ್ಕೆ ಅವತ್ತು ಎಷ್ಟು ಬೆಲೆ ಅಂತ ಹೇಳೋಕಾಗಲ್ಲ.

ಟ್ರಾಮ್ ಹತ್ತಿರ ನಮ್ಮ ಸೀನಿಯರ್ ನಿಂತಿದ್ದರು. ಹುಬ್ಬಳ್ಳಿಯವರು. ವಾಟ್ಸ್ಆ್ಯಪ್ ಗುಂಪಿನಲ್ಲಿ ಎರಡು ತಿಂಗಳ ಪರಿಚಯ, ಮುಖ ನೋಡಿದ್ದು ಆಗಲೇ. ಎರಡು ರೈಲಿನ ಹೊತ್ತು ಆ ಚಳಿಯಲ್ಲಿ ಕಾದಿದ್ದರು. "ಬಾ ತಮ್ಮಾ. ಹಸಿವು ಆಗೇತಿ ಹೌದಿಲ್ಲೋ?" ಅಂತ ಹೇಳಿ, ಕೇಳದೇ ಮೂರು ಚಕ್ರದ ಸೂಟ್‌ಕೇಸನ್ನೇ ತೆಗೆದುಕೊಂಡರು. ಮನೆ ಬಿಟ್ಟು 37 ಗಂಟೆ ಆಗಿತ್ತು.

ನನ್ನ ಹಾಸ್ಟೆಲ್ ಕೋಣೆಯ ಕೀ ಹೌಸ್‌ಮೈಸ್ಟರ್ ಹತ್ತಿರ. ಹೌಸ್‌ಮೈಸ್ಟರ್ ಅಂದರೆ ಕಟ್ಟಡ ನೋಡಿಕೊಳ್ಳುವವರು. ಅವರ ಕಚೇರಿ ಮಧ್ಯಾಹ್ನವೇ ಮುಚ್ಚಿತ್ತು, ಗುರುವಾರ ರಜೆ, ಇನ್ನು ಶುಕ್ರವಾರ ಬೆಳಗ್ಗೆಯೇ. ಹೀಗಾಗುತ್ತೆ ಅಂತ ಆ ಸೀನಿಯರ್ ಅಣ್ಣನಿಗೆ ಗೊತ್ತಿತ್ತು. ತಮ್ಮ ಕೋಣೆಯಲ್ಲೇ ನೆಲದ ಮೇಲೆ ಹಾಸಿಗೆ ಹಾಸಿಟ್ಟಿದ್ದರು. ಅನ್ನ, ಬೇಳೆಸಾರು ಮಾಡಿದ್ದರು. ಮನೆಗೆ ಫೋನ್ ಮಾಡಿದಾಗ ಅಲ್ಲಿ ರಾತ್ರಿ ಎರಡು ಗಂಟೆ. ಒಂದೇ ರಿಂಗಿಗೆ ಅಮ್ಮ ಎತ್ತಿದಳು.

"ಊಟ ಮಾಡಿದ್ಯಾ?"

"ಮಾಡಿದೆ ಅಮ್ಮ. ಅನ್ನ ಸಾರು."

"ಅನ್ನಾನಾ? ಸರಿ, ಹಾಗಾದ್ರೆ ನಾವೂ ಮಲಗ್ತೀವಿ," ಅಂದಳು.

ಗುರುವಾರ ಎದ್ದಾಗ ಹನ್ನೊಂದು ಗಂಟೆ. ಕಿಟಕಿಯಾಚೆ ಒಂದು ಸದ್ದೂ ಇರಲಿಲ್ಲ. ರಜೆ ಅಂದರೆ ಅಲ್ಲಿ ನಿಜವಾಗಿಯೂ ರಜೆ. ಅಂಗಡಿಗಳು ಪೂರ್ತಿ ಬಂದ್. ಅಣ್ಣ ನನ್ನನ್ನು ಊರು ನೋಡೋಕೆ ಕರೆದುಕೊಂಡು ಹೋದರು. ದಾರಿಯಲ್ಲಿ ಒಂದು ಸಿಗ್ನಲ್. ರಸ್ತೆಯಲ್ಲಿ ಒಂದು ಕಾರೂ ಇಲ್ಲ, ಆದರೂ ಒಬ್ಬ ಹೆಂಗಸು ಮಗುವಿನ ಕೈ ಹಿಡಿದು ನಿಂತಿದ್ದರು. ನಾವೂ ನಿಂತೆವು. ಹಸಿರು ದೀಪದಲ್ಲಿ ಟೋಪಿ ಹಾಕಿದ ಪುಟ್ಟ ಮನುಷ್ಯ ನಡೆಯುತ್ತಾನೆ. ಅವನು ಹಳೇ ಪೂರ್ವ ಜರ್ಮನಿಯವನು. ದೇಶ ಹೋದರೂ ಅವನು ಸಿಗ್ನಲ್‌ನಲ್ಲಿ ಉಳಿದಿದ್ದಾನೆ ಅಂತ ಅಣ್ಣ ಹೇಳಿದರು.

ಊರಿನ ಮಧ್ಯೆ ಕಾರ್ಲ್ ಮಾರ್ಕ್ಸ್‌ನ ತಲೆ ಇದೆ. ಬರೀ ತಲೆ, ಕಂಚಿನದು, ಏಳು ಮೀಟರಿಗೂ ಎತ್ತರ, ಅದಕ್ಕೆ ಕಲ್ಲಿನ ಪೀಠ ಬೇರೆ. ಹಿಂದಿನ ಗೋಡೆ ಮೇಲೆ 'ಪ್ರಪಂಚದ ಕಾರ್ಮಿಕರೇ ಒಂದಾಗಿ' ಅಂತ ನಾಲ್ಕು ಭಾಷೆಯಲ್ಲಿ ಕೆತ್ತಿದ್ದಾರೆ. 1953ರಿಂದ 1990ರವರೆಗೆ ಈ ಊರಿನ ಹೆಸರೇ ಕಾರ್ಲ್-ಮಾರ್ಕ್ಸ್-ಸ್ಟಾಟ್. ಊರಿನ ಜನ ಆ ವಿಗ್ರಹಕ್ಕೆ 'ನಿಶೆಲ್' ಅಂತಾರೆ, ಅವರ ಆಡುಮಾತಿನಲ್ಲಿ ತಲೆ ಅಂತಷ್ಟೇ ಅರ್ಥ. ಎರಡು ಜರ್ಮನಿ ಒಂದಾದ ದಿನ ಅದರ ಕೆಳಗೆ ನಿಂತಿದ್ದೆ. ಪಕ್ಕದಲ್ಲಿ ಒಬ್ಬ ವಯಸ್ಸಾದ ಮನುಷ್ಯ ಮೊಮ್ಮಗಳಿಗೆ ಏನೋ ತೋರಿಸಿ ಹೇಳುತ್ತಿದ್ದ. ಅವನು ಹುಟ್ಟಿದ ಊರಿನ ಹೆಸರು ಏನಿತ್ತೋ ಅಂತ ಕೇಳಬೇಕು ಅನ್ನಿಸಿತು. ಅಷ್ಟು ಜರ್ಮನ್ ಬರುತ್ತಿರಲಿಲ್ಲ.

ಸಂಜೆ ಅಣ್ಣ ಅಡುಗೆಮನೆಯ ಕಪಾಟಿನಿಂದ ಒಂದು ಪೊಟ್ಟಣ ತೆಗೆದರು. 'ಕೋಕೋಸ್‌ರಾಸ್ಪೆಲ್', ತುರಿದು ಒಣಗಿಸಿದ ಕೊಬ್ಬರಿ. ಇಲ್ಲಿನವರು ಕೇಕಿಗೆ ಹಾಕೋಕೆ ಬಳಸೋದು, ಎಲ್ಲ ಅಂಗಡಿಯಲ್ಲೂ ಸಿಗುತ್ತಂತೆ. ಬಿಸಿ ನೀರಲ್ಲಿ ನೆನೆಸಿ ರುಬ್ಬಿದರೆ ಚಟ್ನಿ ಆಗುತ್ತೆ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಮರದ ಹೊಟ್ಟಿನ ಹಾಗಿತ್ತು, ಎಣ್ಣೆಯ ಪಸೆಯೇ ಇಲ್ಲ. ಸೂಟ್‌ಕೇಸಿನಿಂದ ಅಮ್ಮನ ಚಟ್ನಿಪುಡಿ ತೆಗೆದೆ. ಅದರಲ್ಲಿ ನಮ್ಮ ಅಟ್ಟದ ಕೊಬ್ಬರಿಯೇ ಇದೆ, ಪುಡಿಯಾಗಿ ಬಂದಿದ್ದರಿಂದ ಯಾರೂ ತಡೆದಿರಲಿಲ್ಲ. ಅಣ್ಣ ಬಿಸಿ ಅನ್ನಕ್ಕೆ ಕಲಸಿಕೊಂಡು ಎರಡು ತುತ್ತು ತಿಂದು ಸುಮ್ನೆ ಕೂತರು. "ಒಂದೂವರೆ ವರ್ಷ ಆತು ನಾ ಊರಿಗೆ ಹೋಗಿ," ಅಂದರು. ಅರ್ಧ ಪೊಟ್ಟಣ ಅವರ ಡಬ್ಬಿಗೆ ಸುರಿದೆ.

ಶುಕ್ರವಾರ ಎಂಟು ಗಂಟೆಗೇ ಹೌಸ್‌ಮೈಸ್ಟರ್ ಬಾಗಿಲಲ್ಲಿದ್ದೆ. ದಪ್ಪ ಮೀಸೆಯ ಮನುಷ್ಯ, ಇಂಗ್ಲಿಷ್ ಬರಲ್ಲ. ಕೋಣೆಗೆ ಕರೆದುಕೊಂಡು ಹೋಗಿ, ಕೈಯಲ್ಲಿದ್ದ ಹಾಳೆ ನೋಡುತ್ತಾ ಒಂದೊಂದನ್ನೇ ಮುಟ್ಟಿ ಹೇಳಿದರು. ಟಿಶ್. ಶ್ಟೂಲ್. ಬೆಟ್. ಶ್ರಾಂಕ್. ಮೇಜು, ಕುರ್ಚಿ, ಮಂಚ, ಬೀರು. ಎ1ನ ಎರಡನೇ ವಾರದ ಪಾಠ! ನಾನು ಪ್ರತಿಯೊಂದಕ್ಕೂ 'ಯಾ' ಅಂದೆ. ಮಂಚದ ಮೇಲೆ ಹಾಸಿಗೆ ಇತ್ತು, ದಿಂಬು ಹೊದಿಕೆ ಇರಲಿಲ್ಲ, ಅದು ನಾವೇ ತಂದುಕೊಳ್ಳಬೇಕು. ಕೊನೆಗೆ ಅವರು ಬಾಗಿಲನ್ನು ಹೊರಗಿನಿಂದ ಎಳೆದು ಮುಚ್ಚಿ, ಹಿಡಿ ಅಲ್ಲಾಡಿಸಿ ತೋರಿಸಿದರು. ತೆರೆಯಲಿಲ್ಲ. ಕೀ ಎತ್ತಿ ನನ್ನ ಕಣ್ಣ ಮುಂದೆ ಹಿಡಿದು, ಬೆರಳು ಆಡಿಸಿದರು. ಕೀ ಒಳಗೆ ಮರೆತು ಬಾಗಿಲು ಮುಚ್ಚಿದರೆ ಹೊರಗೇ ನಿಲ್ಲಬೇಕು, ಬೀಗ ತೆಗೆಯುವವರನ್ನು ಕರೆಸಿದರೆ ದುಡ್ಡು ಸುರಿಯಬೇಕು. ಇದನ್ನು ಅಣ್ಣನೂ ಎರಡು ಸಲ ಹೇಳಿದ್ದರು.

ಮುಂದಿನ ಕೆಲಸ ಬೇಕಾದಷ್ಟಿತ್ತು. ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದು ಆದ ಮೇಲೆ ಬ್ಯಾಂಕು, ಆಮೇಲೆ ದುಡ್ಡು. ಅದಕ್ಕೂ ಮೊದಲು ಒಂದು ದಿಂಬು. ನಿಮ್ಮ ಮನೆಯಿಂದ ಯಾರಾದರೂ ಹೀಗೆ ಹೊರಟಿದ್ದರೆ ಒಂದೇ ಮಾತು ಹೇಳಿ: ವಾರದ ಮಧ್ಯೆ, ಹಗಲು ಹೊತ್ತಲ್ಲಿ, ಕಚೇರಿ ತೆರೆದಿರುವಾಗ ತಲುಪುವ ಟಿಕೆಟ್ ಮಾಡಿಸಲಿ. ಹನ್ನೊಂದು ಸಾವಿರ ಹೋದರೆ ಹೋಗಲಿ. ನನಗೆ ಅಣ್ಣ ಇದ್ದರು. ಎಲ್ಲರಿಗೂ ಇರಲ್ಲ.

ಚಟ್ನಿಪುಡಿ ಪೊಟ್ಟಣದ ಬಾಯಿಗೆ ಅಮ್ಮ ಬಿಳಿ ದಾರ ಸುತ್ತಿ ಗಂಟು ಹಾಕಿದ್ದಳು, ಕೊಬ್ಬರಿ ಚೀಲ ಹೊಲಿಯೋ ದಾರ. ಅದನ್ನು ಕತ್ತರಿಸದೆ ಉಗುರಲ್ಲೇ ಬಿಚ್ಚಿದೆ. ಕೀಗೆ ಪೋಣಿಸಿ, ಎರಡು ಗಂಟು ಹಾಕಿ, ಕೊರಳಿಗೆ ಹಾಕಿಕೊಂಡೆ. ಸ್ವೆಟರ್ ಒಳಗೆ ಅದು ತಣ್ಣಗೆ ಎದೆಗೆ ತಾಗಿತು. ಬಾಗಿಲು ಎಳೆದುಕೊಂಡು ದಿಂಬು ತರೋಕೆ ಹೊರಟೆ.